ಮದರಂಗಿ ಕೆಂಪಗೆ ಹತ್ತಬೇಕೆ? ಮೊದಲು ಕೈ ಅಣಿಮಾಡಿ

ಮದರಂಗಿ ಸರಿಯಾಗಿ ಹತ್ತದಿದ್ದರೆ ಮದುವೆ ಮನೆಯಲ್ಲಿ ಬೈಸಿಕೊಳ್ಳುವುದು ಕೋನ್. ಅರ್ಧ ತಪ್ಪು ಕೈಯದೇ ಇರುತ್ತದೆ. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣ ಅಂಟುವುದು ಚರ್ಮದ ತೀರಾ ಮೇಲಿನ, ಸತ್ತ ಕೋಶಗಳ ಪದರಕ್ಕೆ. ಆ ಪದರ ಅಂಗೈ, ಅಂಗಾಲುಗಳಲ್ಲಿ ದಪ್ಪ, ಅಲ್ಲಿ ಬಣ್ಣ ಗಾಢ. ಮುಂಗೈಯಲ್ಲಿ ತೆಳು, ಬಣ್ಣವೂ ತಿಳಿ.

ವಿದೇಶದಲ್ಲಿ ಮೈಗೆ ಕಂದು ಬಣ್ಣ ಸಿಂಪಡಿಸಿಕೊಳ್ಳುವ ‘ಸ್ಪ್ರೇ ಟ್ಯಾನ್’ ಕೂಡ ಇದೇ ಪದರದ ಆಟ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವ ರಾಯಚೂರು ಜಿಲ್ಲೆಯ ಸಿರವಾರ, ಮಾನ್ವಿ, ದೇವದುರ್ಗದವರಿಗೆ ಆ ಬಣ್ಣವನ್ನು ಬಿಸಿಲೇ ಪುಕ್ಕಟೆ ಬಳಿಯುತ್ತದೆ, ಅದು ಬಿಡಿ. ಚರ್ಮದ ತಯಾರಿ ಮಾತ್ರ ಮದರಂಗಿಗೂ ಸ್ಪ್ರೇ ಟ್ಯಾನ್‌ಗೂ ಹೆಚ್ಚುಕಡಿಮೆ ಒಂದೇ.

ಹತ್ತಿ ಬಿಡಿಸಿ, ಭತ್ತದ ನಾಟಿ ಮಾಡಿ ಒರಟಾದ ಕೈಯಾದರೆ ಒಂದು ವಾರ ಮೊದಲೇ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಲು ಶುರುಮಾಡಿ. ಬಿರುಕುಗಳಲ್ಲಿ ಬಣ್ಣ ಕಟ್ಟಿಕೊಂಡರೆ ಚಿತ್ತಾರ ಕಲೆಯಂತೆ ಕಾಣುತ್ತದೆ. ಹಸಿ ಗಾಯವಿದ್ದರೆ ಆ ಜಾಗ ಬಿಟ್ಟುಬಿಡಿ.

ವ್ಯಾಕ್ಸಿಂಗ್ ಮಾಡಿಸುವುದಿದ್ದರೆ ಮದರಂಗಿಯ ಹಿಂದಿನ ದಿನವೇ ಮುಗಿಸಿ. ನಂತರ ಮಾಡಿಸಿದರೆ ಕೂದಲಿನ ಜೊತೆ ಬಣ್ಣವೂ ಕಿತ್ತು ಬರುತ್ತದೆ. ಆ ಹಿಂದಿನ ದಿನವೇ ಕಡಲೆಹಿಟ್ಟಿನಿಂದ ಕೈ ಮೃದುವಾಗಿ ಉಜ್ಜಿ ತೊಳೆಯಿರಿ. ವ್ಯಾಕ್ಸ್ ಮಾಡಿದ ಜಾಗ ಉಜ್ಜಬೇಡಿ. ಆ ರಾತ್ರಿ ಎಣ್ಣೆ ಬೇಡ.

ಮದರಂಗಿಯ ದಿನ ಸೋಪಿನಿಂದ ತೊಳೆದು ಪೂರ್ತಿ ಒರೆಸಿ. ಲೋಷನ್, ಪೌಡರ್ ಏನೂ ಬೇಡ. ಊಟ ಮುಗಿಸಿ, ಬಳೆ ತೆಗೆದಿಟ್ಟು, ಹೊತ್ತು ಇಳಿದ ಮೇಲೆ ಕೂತುಕೊಳ್ಳಿ. ಮಧ್ಯಾಹ್ನದ ಬೆವರಿಗೆ ಗೆರೆ ನಿಲ್ಲದು. ಆರರಿಂದ ಎಂಟು ಗಂಟೆ ಬಿಟ್ಟು, ನೀರು ಮುಟ್ಟಿಸದೆ ಉದುರಿಸಿ, ಒಂದು ದಿನವಾದರೂ ಕೈ ನೆನೆಸಬೇಡಿ. ಬಣ್ಣ ಮೊದಲು ಕಿತ್ತಳೆ. ಗಾಳಿ ತಾಕುತ್ತ 24ರಿಂದ 48 ಗಂಟೆಯಲ್ಲಿ ಕಡುಗೆಂಪಾಗುತ್ತದೆ. ಮದುವೆಗೆ ಎರಡು ದಿನ ಮೊದಲೇ ಹಚ್ಚಿಸಬೇಕು ಎನ್ನುವುದು ಇದಕ್ಕೇ. ಅರಿಶಿಣ ಹಚ್ಚುವಾಗ ಅಂಗೈ ತಿಕ್ಕದಂತೆ ಅತ್ತಿಗೆ, ನಾದಿನಿಯರಿಗೆ ಮೊದಲೇ ಹೇಳಿಡಿ. ಕೇಳುವುದು ಅನುಮಾನ.

ಇನ್ನು ಕೋನ್ ವಿಷಯ. ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಎನ್ನುವುದನ್ನು ಕೊಳ್ಳಲೇಬೇಡಿ. ಶುದ್ಧ ಮದರಂಗಿ ಅಷ್ಟು ಬೇಗ ಕಪ್ಪು ಬಣ್ಣ ಕೊಡದು. ಇಂಥ ‘ಕಪ್ಪು ಮೆಹಂದಿ’ಗೆ ತಲೆಗೂದಲ ಬಣ್ಣದ ಪಿಪಿಡಿ ರಾಸಾಯನಿಕ ಬೆರೆಸಿರುತ್ತಾರೆ. ಅದರಿಂದ ಗುಳ್ಳೆ ಎದ್ದು, ಗೆರೆಗೆರೆಯಾಗಿ ಕಲೆ ಉಳಿಯಬಹುದು. ಒಮ್ಮೆ ಅಲರ್ಜಿಯಾದರೆ ಮುಂದೆ ಹೇರ್ ಡೈ ಕೂಡ ಆಗಿಬರದು. ಯಾವುದೇ ಹೊಸ ಕೋನ್ ಆದರೂ ಎರಡು ದಿನ ಮೊದಲು ಮೊಣಕೈ ಒಳಭಾಗಕ್ಕೆ ಒಂದು ಬೊಟ್ಟು ಇಟ್ಟು ನೋಡಿ. ಕೂಸುಗಳಿಗೆ ಮದರಂಗಿಯೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದ ಇದ್ದರೆ ಶುದ್ಧ ಮದರಂಗಿಯೂ ರಕ್ತಕಣಗಳನ್ನು ಒಡೆಯಬಲ್ಲದು.

ತುರಿಕೆ, ಉರಿ, ಊತ ಕಂಡರೆ ತಕ್ಷಣ ತೊಳೆದು ಹತ್ತಿರದ ವೈದ್ಯರಿಗೆ ತೋರಿಸಿ. ಗುಳ್ಳೆ ಎದ್ದರೆ ರಾಯಚೂರಿನ ರಿಮ್ಸ್‌ನಂಥ ಆಸ್ಪತ್ರೆಯ ಚರ್ಮರೋಗ ತಜ್ಞರನ್ನು ಕಾಣಿ. ಹೋಗುವಾಗ ಆ ಕೋನನ್ನೂ ಜೊತೆಗೆ ಒಯ್ಯಿರಿ.