ಗೋಲ್‌ದೀಘಿಯ ಸುತ್ತ ಒಂದು ದಿನ

ಕೋಲ್ಕತ್ತಕ್ಕೆ ಹೊರಟವರ ಕೈಗೆ ಎಲ್ಲರೂ ಕೊಡುವ ಪಟ್ಟಿ ಒಂದೇ: ವಿಕ್ಟೋರಿಯಾ ಸ್ಮಾರಕ, ಹೌರಾ ಸೇತುವೆ, ಕಾಳಿಘಾಟ್, ದಕ್ಷಿಣೇಶ್ವರ. ನೋಡಿ, ಬೇಡ ಎನ್ನುವುದಿಲ್ಲ. ಆದರೆ ಊರಿನ ಚರಿತ್ರೆ ತಿಳಿಯುವ ಆಸೆಯಿದ್ದರೆ ಮೊದಲ ದಿನ ಕಾಲೇಜ್ ಸ್ಟ್ರೀಟಿಗೇ ಇರಲಿ. ಅಲ್ಲಿ ಕಾಲೇಜ್ ಸ್ಕ್ವೇರ್ ಎಂಬ ಕೊಳವಿದೆ. ಹಳಬರು ಗೋಲ್‌ದೀಘಿ ಎನ್ನುತ್ತಾರೆ. ಬಂಗಾಳದ ಹತ್ತೊಂಬತ್ತನೇ ಶತಮಾನದ ಬಹುಪಾಲು ಜಗಳಗಳು ಈ ನೀರಿನ ಆಸುಪಾಸಿನಲ್ಲೇ ನಡೆದವು.

ಹೌರಾದಲ್ಲಿ ಇಳಿದವರು ಟ್ಯಾಕ್ಸಿಗೆ ಚೌಕಾಸಿ ಮಾಡಬೇಕಿಲ್ಲ. 2024ರ ಮಾರ್ಚ್‌ನಿಂದ ಹೂಗ್ಲಿ ನದಿಯ ಅಡಿಯಲ್ಲೇ ಮೆಟ್ರೊ ಓಡುತ್ತಿದೆ. ಎಸ್ಪ್ಲನೇಡ್‌ನಲ್ಲಿ ಗಾಡಿ ಬದಲಿಸಿ, ಮಹಾತ್ಮ ಗಾಂಧಿ ರೋಡ್ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆದರಾಯಿತು. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ದುರ್ಗಾಪೂಜೆಯ ವಾರದಲ್ಲಿ ಮಾತ್ರ ಈ ಯೋಜನೆ ಬೇಡ. ಸಂಸ್ಥೆಗಳಿಗೆ ಬೀಗ, ರಸ್ತೆಗೆಲ್ಲ ಜನ. ಭಾನುವಾರ ಪುಸ್ತಕದಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಸೋಮವಾರ ಜೋಡಾಸಾಂಕೊದಲ್ಲಿರುವ ರವೀಂದ್ರನಾಥ ಠಾಕೂರರ ಮನೆಗೆ ರಜೆ. ಹಾಗಾಗಿ ಮಂಗಳವಾರದಿಂದ ಶನಿವಾರದೊಳಗೆ ಒಂದು ದಿನ ಆರಿಸಿಕೊಳ್ಳಿ.

ಮೊದಲು ಸಿಗುವುದು ಪ್ರೆಸಿಡೆನ್ಸಿ. 1817ರಲ್ಲಿ ಹಿಂದೂ ಕಾಲೇಜಾಗಿ ಹುಟ್ಟಿ, 1855ರಲ್ಲಿ ಹೆಸರು ಬದಲಿಸಿಕೊಂಡು, ಈಗ ವಿಶ್ವವಿದ್ಯಾಲಯವಾಗಿದೆ. ಇಲ್ಲಿ 1826ರಲ್ಲಿ ಪಾಠ ಹೇಳಲು ಬಂದ ಹೆನ್ರಿ ಡಿರೋಜಿಯೊಗೆ ಆಗಿನ್ನೂ ಹದಿನೇಳು. ಎಲ್ಲವನ್ನೂ ಪ್ರಶ್ನಿಸಿ ಎಂದು ಹುಡುಗರಿಗೆ ಕಲಿಸಿದ. ಹುಡುಗರು ಮೊದಲು ಮನೆಯವರ ಮಡಿಮೈಲಿಗೆಯನ್ನೇ ಪ್ರಶ್ನಿಸಿದರು. ಅದರ ಫಲವಾಗಿ 1831ರಲ್ಲಿ ಡಿರೋಜಿಯೊ ರಾಜೀನಾಮೆ ಕೊಡಬೇಕಾಯಿತು, ಅದೇ ವರ್ಷ ಕಾಲರಾ ಅವನನ್ನು ಒಯ್ದಿತು. ಮುಂದೆ ಇದೇ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಪಾಠ ಮಾಡಿದರು.

ಪಕ್ಕದ ಸಂಸ್ಕೃತ ಕಾಲೇಜು 1824ರದು. 1851ರಲ್ಲಿ ಪ್ರಾಂಶುಪಾಲರಾದ ಈಶ್ವರಚಂದ್ರ ವಿದ್ಯಾಸಾಗರರು ಬ್ರಾಹ್ಮಣೇತರರಿಗೂ ಅದರ ಬಾಗಿಲು ತೆರೆಸಿದರು. ಸಂಸ್ಕೃತ ಪಂಡಿತರಾಗಿದ್ದುಕೊಂಡೇ, ಶಾಸ್ತ್ರದ ಆಧಾರ ಕೊಟ್ಟೇ, ವಿಧವಾ ವಿವಾಹದ ಪರ ವಾದ ಹೂಡಿದರು. ಕಾನೂನಾದದ್ದು 1856ರಲ್ಲಿ, ಅದೇ ಡಿಸೆಂಬರ್‌ನಲ್ಲಿ ಅನತಿದೂರದ ಸುಕಿಯಾ ಸ್ಟ್ರೀಟಿನ ಮನೆಯೊಂದರಲ್ಲಿ ಮೊದಲ ಮದುವೆ ನಡೆಯಿತು. ಕೊಳದ ಬಳಿ ಅವರ ಪ್ರತಿಮೆಯಿದೆ. ಡೇವಿಡ್ ಹೇರ್ ಸಮಾಧಿ ಇರುವುದೂ ಇಲ್ಲೇ. 1800ರಲ್ಲಿ ಕೋಲ್ಕತ್ತಕ್ಕೆ ಬಂದ ಈ ಗಡಿಯಾರದ ಕುಶಲಕರ್ಮಿ, ವ್ಯಾಪಾರ ಬಿಟ್ಟು ಶಾಲೆ ಕಟ್ಟುವುದಕ್ಕೆ ನಿಂತ. ದೇವರನ್ನು ನಂಬದವನೆಂದು ಕ್ರೈಸ್ತ ಸ್ಮಶಾನದಲ್ಲಿ ಜಾಗ ಸಿಗಲಿಲ್ಲವಂತೆ.

ಮೆಡಿಕಲ್ ಕಾಲೇಜು (1835) ದುಡಿಯುತ್ತಿರುವ ಆಸ್ಪತ್ರೆ, ರೋಗಿಗಳ ದಟ್ಟಣೆ. ಹೊರಗಿನಿಂದ ನೋಡಿದರೆ ಸಾಕು. ಆಯುರ್ವೇದ ಪಂಡಿತ ಮಧುಸೂದನ ಗುಪ್ತರು 1836ರಲ್ಲಿ ಜಾತಿಭಯ ಲೆಕ್ಕಿಸದೆ ಹೆಣ ಕೊಯ್ದು ಅಂಗರಚನೆ ಕಲಿತದ್ದು ಇಲ್ಲಿ.

ಹಸಿವಾದರೆ ಪುಟಿರಾಮ್ ಅಂಗಡಿಯ ಕಚೂರಿ, ಕಡಲೆಬೇಳೆ ದಾಲ್. ಸಸ್ಯಾಹಾರಿಗಳು ಧೈರ್ಯವಾಗಿ ತಿನ್ನಬಹುದು. ಆಮೇಲೆ ಆಲ್ಬರ್ಟ್ ಹಾಲಿನ ಕಾಫಿ ಹೌಸ್. 1942ರಲ್ಲಿ ಶುರುವಾಗಿ, 1958ರಿಂದ ಕಾರ್ಮಿಕರ ಸಹಕಾರ ಸಂಘವೇ ನಡೆಸುತ್ತಿದೆ. ನಮ್ಮ ಫಿಲ್ಟರ್ ಕಾಫಿ ನೆನೆದು ಹೋಗಬೇಡಿ, ನಿರಾಶೆ ಖಂಡಿತ. ಅಲ್ಲಿಗೆ ಹೋಗುವುದು ಕಾಫಿಗಲ್ಲ, ಹರಟೆಗೆ. ಮೇಲಂತಸ್ತಿನಲ್ಲಿ ಕುಳಿತರೆ ಇಡೀ ಹಾಲಿನ ಗದ್ದಲ ಕಾಣುತ್ತದೆ. ಹಳೆ ಪುಸ್ತಕ ಕೊಳ್ಳುವವರು ಫುಟ್‌ಪಾತಿನಲ್ಲಿ ಹೇಳಿದ ಬೆಲೆಗೆ ತಲೆಯಾಡಿಸಬೇಡಿ.

ಮಧ್ಯಾಹ್ನ ದಕ್ಷಿಣಕ್ಕೆ ಬೌಬಜಾರಿನವರೆಗೆ ನಡೆಯಬಹುದು. 210ನೇ ನಂಬರಿನಲ್ಲಿ ಈಗ ಗೋಯೆಂಕಾ ಕಾಮರ್ಸ್ ಕಾಲೇಜಿದೆ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆ ಆಗ ಇಲ್ಲಿತ್ತು. ಅಕೌಂಟ್ಸ್ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಸಿ.ವಿ. ರಾಮನ್ ಕಚೇರಿಗೆ ಮುಂಚೆ, ಕಚೇರಿಯ ನಂತರ ಬಂದು ಇಲ್ಲಿ ಪ್ರಯೋಗ ಮಾಡುತ್ತಿದ್ದರು. 1928ರ ರಾಮನ್ ಪರಿಣಾಮ ಈ ಜಾಗದ್ದೇ ಫಲ. 1933ರಲ್ಲಿ ಅವರು ನಮ್ಮ ಬೆಂಗಳೂರಿಗೆ ಬಂದರು.

ನಡೆಯಲಾರದವರು ಬೌಬಜಾರ್ ಬಿಟ್ಟು ನೇರ ಜೋಡಾಸಾಂಕೊದ ಠಾಕೂರರ ಮನೆಗೆ ಹೋಗಲಿ. ಗಿರೀಶ್ ಪಾರ್ಕ್ ಮೆಟ್ರೊ ಹತ್ತಿರ. ರವೀಂದ್ರನಾಥ ಠಾಕೂರರು 1861ರಲ್ಲಿ ಹುಟ್ಟಿದ್ದೂ 1941ರಲ್ಲಿ ತೀರಿಕೊಂಡದ್ದೂ ಇದೇ ಮನೆಯಲ್ಲಿ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ಅಲ್ಲಿಗೆ ಬಂದು ತಂಗಿದ್ದರು. ಕಾರವಾರದ ಕಡಲತೀರಕ್ಕೆ ಠಾಕೂರರ ಹೆಸರು ಬಂದದ್ದು ಈ ನಂಟಿನಿಂದಲೇ. ಮಾರ್ಬಲ್ ಪ್ಯಾಲೇಸ್ ಪಕ್ಕದಲ್ಲೇ ಇದೆ, ಆದರೆ ಪ್ರವಾಸೋದ್ಯಮ ಇಲಾಖೆಯ ಅನುಮತಿ ಚೀಟಿ ಮುಂಚೆಯೇ ಪಡೆದಿರಬೇಕು.

ಡಿರೋಜಿಯೊ ಮನಸ್ಸಿಗೆ ಹತ್ತಿದ್ದರೆ ಮರುದಿನ ಬೆಳಿಗ್ಗೆ ದಕ್ಷಿಣ ಪಾರ್ಕ್ ಸ್ಟ್ರೀಟ್ ಸ್ಮಶಾನಕ್ಕೆ ಹೋಗಿ. ಅವನ ಸಮಾಧಿಯೂ, 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಸ್ಥಾಪಿಸಿದ ವಿಲಿಯಂ ಜೋನ್ಸ್ ಸಮಾಧಿಯೂ ಅಲ್ಲಿವೆ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಸೊಳ್ಳೆ ವಿಪರೀತ. ಮಲೇರಿಯಾ ಸೊಳ್ಳೆಯಿಂದ ಹರಡುವ ಬಗೆಯನ್ನು ರೊನಾಲ್ಡ್ ರಾಸ್ 1898ರಲ್ಲಿ ಹಕ್ಕಿಗಳ ಮೇಲೆ ಪ್ರಯೋಗಿಸಿ ಬಿಡಿಸಿದ್ದೂ ಇದೇ ಊರಿನ ಪಿ.ಜಿ. ಆಸ್ಪತ್ರೆಯ ಆವರಣದಲ್ಲಿ.