ಮಧ್ಯದಲ್ಲೊಂದು ಕ್ಯೂ ಯಾಕೆ?

ಪ್ರಶ್ನೆ: ಒಂದು ತಂತ್ರಾಂಶ ಇನ್ನೊಂದನ್ನು ನೇರವಾಗಿ ಕರೆದು ಕೆಲಸ ಮಾಡಿಸಿಕೊಳ್ಳಬಹುದಲ್ಲ? ಬ್ಯಾಂಕುಗಳಂಥ ದೊಡ್ಡ ಸಂಸ್ಥೆಗಳು ಮಧ್ಯದಲ್ಲಿ ಮೆಸೇಜ್ ಕ್ಯೂ ಇಟ್ಟುಕೊಳ್ಳುವುದೇಕೆ? ಅಲ್ಲಿಟ್ಟ ಸಂದೇಶ ಕಳೆದುಹೋಗುವುದಿಲ್ಲವೇ?

ಉತ್ತರ: ನೇರ ಕರೆಗೆ ಒಂದು ಷರತ್ತಿದೆ. ಕರೆದ ಗಳಿಗೆಯಲ್ಲಿ ಆಚೆಯ ತಂತ್ರಾಂಶವೂ ನಡೆಯುತ್ತಿರಬೇಕು, ಅದಕ್ಕೆ ಪುರುಸೊತ್ತೂ ಇರಬೇಕು. ಹಣ ವರ್ಗಾವಣೆಗೆ ಖಾತೆ, ವಂಚನೆ ತಪಾಸಣೆ, ಲೆಕ್ಕಪತ್ರ, ಎಸ್‌ಎಂಎಸ್, ವರದಿ ಎಂದು ಐದು ವ್ಯವಸ್ಥೆಗಳು ಒಂದರ ಹಿಂದೊಂದು ಬೇಕು ಎನ್ನಿ. ಒಂದೊಂದೂ ತನ್ನ ಪಾಡಿಗೆ 99% ಹೊತ್ತು ಸರಿಯಾಗಿ ನಡೆದರೂ, ಐದೂ ಏಕಕಾಲಕ್ಕೆ ಸರಿಯಾಗಿರುವುದು ಸುಮಾರು 95% ಹೊತ್ತು ಮಾತ್ರ. ಎಸ್‌ಎಂಎಸ್ ಕೆಟ್ಟಿದೆಯೆಂದು ಹಣವೇ ಹೋಗದಿದ್ದರೆ ಅದು ಗ್ರಾಹಕರಿಗೆ ಮಾಡುವ ಅನ್ಯಾಯ.

ಕ್ಯೂ ಈ ಷರತ್ತನ್ನು ತೆಗೆದುಹಾಕುತ್ತದೆ. ಕಳಿಸುವವನು ಸಂದೇಶವನ್ನು ಸರತಿಯಲ್ಲಿಟ್ಟು ತನ್ನ ಕೆಲಸಕ್ಕೆ ಹೋಗುತ್ತಾನೆ. ಪಡೆಯುವವನು ತನಗಾದಾಗ ಎತ್ತಿಕೊಳ್ಳುತ್ತಾನೆ. 1993ರಲ್ಲಿ ಐಬಿಎಂ ತಂದ ಎಂಕ್ಯೂ ಸೀರೀಸ್ (ಇಂದಿನ ಐಬಿಎಂ ಎಂಕ್ಯೂ) ಈ ಬಗೆಯ ತಂತ್ರಾಂಶಗಳಲ್ಲಿ ಬಹಳ ಹೆಸರಾದದ್ದು. ಮೇನ್‌ಫ್ರೇಮ್, ಯುನಿಕ್ಸ್ ಹೀಗೆ ಜಾತಿಯೇ ಬೇರೆಯಾದ ಯಂತ್ರಗಳಲ್ಲೂ ಇಡುವುದಕ್ಕೊಂದು, ಎತ್ತುವುದಕ್ಕೊಂದು ಒಂದೇ ಬಗೆಯ ಆಜ್ಞೆಗಳು ಸಾಕಾದವು.

ಕಳೆದುಹೋಗುವ ಭಯಕ್ಕೆ ಬರೋಣ. ಸಂದೇಶವನ್ನು 'ಪರ್ಸಿಸ್ಟೆಂಟ್' ಎಂದು ಗುರುತಿಸಿದರೆ ಕ್ಯೂಗಳನ್ನು ನೋಡಿಕೊಳ್ಳುವ ತಂತ್ರಾಂಶವಾದ ಕ್ಯೂ ಮ್ಯಾನೇಜರ್ ಅದನ್ನು ಡಿಸ್ಕಿನ ಲಾಗ್‌ನಲ್ಲಿ ಬರೆದಿಡುತ್ತದೆ. ಯಂತ್ರ ನಿಂತು ಮತ್ತೆ ಎದ್ದರೂ ಸಂದೇಶ ಇರುತ್ತದೆ. ಗುರುತಿಸದಿದ್ದರೆ ಆ ಭರವಸೆಯಿಲ್ಲ; ವೇಗದ ಆಸೆಗೆ ಇದನ್ನು ಕೈಬಿಡುವ ಮುನ್ನ ಹಣದ ವಿಷಯವೇ ಎಂದು ಕೇಳಿಕೊಳ್ಳಿ.

ಕಳೆದುಹೋಗುವುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಎರಡು ಸಲ ಬರುವ ಸಂದೇಶ. ಪಡೆಯುವ ತಂತ್ರಾಂಶ ಖಾತೆಗೆ ₹500 ಜಮಾ ಮಾಡಿತು. 'ಮುಗಿಯಿತು' ಎಂದು ಕ್ಯೂಗೆ ತಿಳಿಸುವಷ್ಟರಲ್ಲಿ ಕುಸಿದುಬಿತ್ತು. ಕ್ಯೂಗೆ ಗೊತ್ತಿರುವುದು ಉತ್ತರ ಬರಲಿಲ್ಲ ಎಂಬುದಷ್ಟೇ. ಅದು ಸಂದೇಶವನ್ನು ಮತ್ತೆ ಕೊಡುತ್ತದೆ, ಖಾತೆಗೆ ₹1000 ಸೇರುತ್ತದೆ. ಇಲ್ಲಿ ಕ್ಯೂ ತಪ್ಪು ಮಾಡಿಲ್ಲ. ಕ್ಯೂ ಮತ್ತು ಡೇಟಾಬೇಸ್ ಎರಡನ್ನೂ ಒಂದೇ ವ್ಯವಹಾರದಲ್ಲಿ (ಟ್ರಾನ್ಸಾಕ್ಷನ್) ಬಿಗಿಯುವ ಉಪಾಯವಿದೆ, ಆದರೆ ಅದು ದುಬಾರಿ, ಎಲ್ಲೆಡೆ ಸಿಗುವುದೂ ಇಲ್ಲ. ಆದ್ದರಿಂದ ಪ್ರತಿ ವರ್ಗಾವಣೆಗೂ ಕಳಿಸುವಾಗಲೇ ಒಂದು ವಿಶಿಷ್ಟ ಸಂಖ್ಯೆ ಕೊಡಿ. ಜಮಾ ಮಾಡುವ ಅದೇ ಡೇಟಾಬೇಸ್ ವ್ಯವಹಾರದಲ್ಲಿ ಆ ಸಂಖ್ಯೆಯನ್ನೂ ದಾಖಲಿಸಿ. ಎರಡನೇ ಸಲ ಬಂದರೆ ಸುಮ್ಮನೆ ಬಿಟ್ಟುಬಿಡಿ. ಹೊಸಬರಿಗೆ ನಾನು ಮೊದಲು ಕಲಿಸಬಯಸುವುದು ಇದನ್ನೇ.

ಇನ್ನು ಕೆಲವು ಸಂದೇಶಗಳು ಎಷ್ಟು ಸಲ ಎತ್ತಿದರೂ ಸಂಸ್ಕರಣೆಗೆ ಒಗ್ಗುವುದಿಲ್ಲ. ತಾರೀಖು ಇರಬೇಕಾದಲ್ಲಿ ಹೆಸರು ಬಂದಿರುತ್ತದೆ, ಇತ್ಯಾದಿ. ಅಂಥವನ್ನು ಕೆಲವು ಪ್ರಯತ್ನಗಳ ನಂತರ ಬೇರೆ ಕ್ಯೂಗೆ ತಳ್ಳುತ್ತಾರೆ. 'ಡೆಡ್ ಲೆಟರ್ ಕ್ಯೂ' ಅಂತಹದೊಂದು. ಅದನ್ನು ದಿನವೂ ನೋಡುವ ಮನುಷ್ಯರು ಇರಲೇಬೇಕು. ಅಲ್ಲಿ ಕೊಳೆಯುವ ಒಂದೊಂದು ಸಂದೇಶವೂ ಯಾರದೋ ಸಂಬಳವೋ ಶಾಲಾ ಶುಲ್ಕವೋ ಆಗಿರಬಹುದು.

ಕ್ಯೂಗೂ ಮಿತಿಯಿದೆ. ಲಿನಕ್ಸ್, ವಿಂಡೋಸ್‌ಗಳಲ್ಲಿ ಐಬಿಎಂ ಎಂಕ್ಯೂ ಕ್ಯೂವೊಂದಕ್ಕೆ ನಾವು ಬದಲಿಸದ ಹೊರತು 5000 ಸಂದೇಶಗಳ ಮಿತಿ ಇಟ್ಟಿರುತ್ತದೆ. ಸೆಕೆಂಡಿಗೆ 10 ಬರುತ್ತಿದ್ದು ಪಡೆಯುವವನು ನಿಂತರೆ ಎಂಟೂವರೆ ನಿಮಿಷದೊಳಗೆ ತುಂಬುತ್ತದೆ. ಹಾಗಾಗಿ ಕ್ಯೂ ಎಷ್ಟು ಉದ್ದ ಬೆಳೆದಿದೆ ಎಂಬುದರ ಮೇಲೆ ಕಣ್ಣಿಡಬೇಕು. ಎಲ್ಲ ಕೆಲಸಕ್ಕೂ ಕ್ಯೂ ಒಗ್ಗುವುದೂ ಇಲ್ಲ. ಖಾತೆಯಲ್ಲಿ ಹಣ ಎಷ್ಟಿದೆ ಎಂದು ತಿಳಿಯಲು ಗ್ರಾಹಕರು ಪರದೆಯ ಮುಂದೆ ಕಾಯುತ್ತಿರುವಂಥ ಕೆಲಸಕ್ಕೆ ನೇರ ಕರೆಯೇ ಸರಿ.

ಕಲಿಯಲು ರ್‍ಯಾಬಿಟ್‌ಎಂಕ್ಯೂ ಒಳ್ಳೆಯದು. 2007ರಿಂದ ಇದೆ, ಮುಕ್ತವಾಗಿ ಸಿಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲೇ ಹಾಕಿಕೊಂಡು, 'ಮುಗಿಯಿತು' ಎಂಬ ಸ್ವೀಕೃತಿಯನ್ನು ನೀವೇ ಕಳಿಸುವಂತೆ ಹೊಂದಿಸಿ, ಪಡೆಯುವ ಪ್ರೋಗ್ರಾಮನ್ನು ಸ್ವೀಕೃತಿಗೆ ಮುಂಚೆ ನಿಲ್ಲಿಸಿ. ಮತ್ತೆ ಚಾಲೂ ಮಾಡಿದಾಗ ಅದೇ ಸಂದೇಶ 'ರಿಡೆಲಿವರ್ಡ್' ಎಂಬ ಗುರುತು ಹೊತ್ತು ಬರುತ್ತದೆ.