ಪುಣೆಯಿಂದ ಊರಿಗೆ ಕಾರಿನಲ್ಲಿ: ಹೃದಯಕ್ಕೆ ಒಳ್ಳೆಯದೇ?



ಹೋದ ವರ್ಷ ಮೇ ತಿಂಗಳಲ್ಲಿ ಸಿಂಹಗಡ ರಸ್ತೆಯ ಕಡೆಯ ನಮ್ಮ ಅಜ್ಜ ಒಬ್ಬರು ಐಸಿಯು ಸೇರಿದರು. ವಯಸ್ಸು 71, ಹೃದಯದ ಪಂಪ್ ಶಕ್ತಿ ಮೊದಲೇ ಕಡಿಮೆ. ಹುಬ್ಬಳ್ಳಿಯಲ್ಲಿ ಮೊಮ್ಮಗಳ ಮದುವೆ ಮುಗಿಸಿ ಕಾರಿನಲ್ಲಿ ಬಂದ ರಾತ್ರಿಯೇ ಉಸಿರು ಕಟ್ಟಿತು. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಸ್ವಲ್ಪ ಸುಧಾರಿಸಿದ ಮೇಲೆ ಕೇಳಿದೆ, ಏನಾಯ್ತು ಅಂತ.

"ನೀರಿನ ಗುಳಿಗಿ ನಾಲ್ಕ ದಿನ ಬಿಟ್ಟಿದ್ನಿರಿ ಡಾಕ್ಟರ್ರ. ತಗೊಂಡ್ರ ಸಲಸಲಕ್ಕ ಒಂದಕ್ಕ ಹೋಗಬೇಕಾಗ್ತದ. ಮಗಗ ಗಾಡಿ ನಿಲ್ಲಸಂತ ಎಷ್ಟ ಸಲ ಹೇಳೂದು?"

ಮಗನಿಗೆ ಮಾತ್ರ ಒಂದು ಹೆಮ್ಮೆ ಇತ್ತು: ಸುಮಾರು 430 ಕಿ.ಮೀ. ದಾರಿಯಲ್ಲಿ ಒಂದೇ ಒಂದು ಸಲ ನಿಲ್ಲಿಸಿದ್ದರಂತೆ!

ಹಾಗಾದರೆ ಹೃದಯದ ತೊಂದರೆ ಇದ್ದವರು ಊರಿಗೆ ಹೋಗಬಾರದೇ? ಖಂಡಿತ ಹೋಗಬೇಕು. ಅಮೆರಿಕದಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 12,338 ಮಧ್ಯವಯಸ್ಸಿನ ಗಂಡಸರನ್ನು ಒಂಬತ್ತು ವರ್ಷ ಗಮನಿಸಿದರು. ಪ್ರತಿವರ್ಷ ರಜೆಗೆ ಹೋಗುತ್ತಿದ್ದವರಲ್ಲಿ ಸಾವು, ಅದರಲ್ಲೂ ಹೃದಯದ ಕಾಯಿಲೆಯಿಂದ ಸಾವು, ಕಡಿಮೆ ಇತ್ತು. ಇದು 2000ದಲ್ಲಿ ಪ್ರಕಟವಾಯಿತು. ಆರೋಗ್ಯ, ಅನುಕೂಲ ಇದ್ದವರೇ ರಜೆಗೆ ಹೋಗುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ, ಆದ್ದರಿಂದ ಪ್ರವಾಸವೇ ಔಷಧ ಎಂದು ನಾನು ಹೇಳುವುದಿಲ್ಲ. ಆದರೆ ಊರಿಗೆ ಹೋಗಿ ಬಂದವರ ಬಿಪಿ, ನಿದ್ದೆ, ಮುಖದ ಕಳೆ ಸುಧಾರಿಸಿದ್ದನ್ನು ಓಪಿಡಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ವಾರವಿಡೀ ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಇರುವ ಮಗ ಅಪ್ಪನ ಪಕ್ಕ ಎಂಟು ತಾಸು ಕೂತು ಮಾತಾಡುವುದು ಮತ್ತೆಲ್ಲಿ ಸಿಗುತ್ತದೆ?

ಕೆಡುಕು ಬರುವುದು ನಿಲ್ಲಿಸದೆ ಓಡಿಸುವುದರಿಂದ. ನಾಲ್ಕು ತಾಸಿಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತು. ವಿಮಾನ ಅಷ್ಟೇ ಅಲ್ಲ, ಕಾರು, ಬಸ್ಸು, ರೈಲಿಗೂ ಇದು ಅನ್ವಯ. ಆರೋಗ್ಯವಂತರಿಗೆ ಈ ಅಪಾಯ ಮೂಲದಲ್ಲೇ ಬಹಳ ಚಿಕ್ಕದು, ಹೆದರಬೇಡಿ. ಕಾಲಿಗೆ ಹೊಸದಾಗಿ ಆಪರೇಷನ್ ಆದವರು, ಕ್ಯಾನ್ಸರ್ ಇರುವವರು, ಗರ್ಭಿಣಿಯರು ಹೆಚ್ಚು ಜಾಗ್ರತೆ ಮಾಡಬೇಕು.

ಅದಕ್ಕೇ ಎರಡು ತಾಸಿಗೊಮ್ಮೆ ಇಳಿಯಿರಿ, ಹತ್ತು ನಿಮಿಷ ನಡೆಯಿರಿ. ಕರಾಡದಲ್ಲಿ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಕೃಷ್ಣಾ-ಕೊಯನಾ ಸೇರುವ ಪ್ರೀತಿಸಂಗಮ. ಬೆಳಗಾವಿ ದಾಟಿದ ಮೇಲೆ ಚೆನ್ನಮ್ಮನ ಕಿತ್ತೂರು ಕೋಟೆ ಇದೆ. ನೀರು ಕುಡಿಯದೆ ಕೂರಬೇಡಿ (ಹಾರ್ಟ್ ಫೇಲ್ಯೂರ್ ಇದ್ದವರು ವೈದ್ಯರು ಹೇಳಿದ ಅಳತೆಯಷ್ಟೇ). ಕೊಲ್ಹಾಪುರದ ಮಿಸಳ್ ತಿನ್ನಿ, ಬೇಡ ಎನ್ನುವಷ್ಟು ಕಲ್ಲೆದೆ ನನ್ನದಲ್ಲ. ಆದರೆ ಆವತ್ತು ಉಪ್ಪಿನಕಾಯಿ, ಚಿಪ್ಸ್ ಬಿಡಿ.

ಈಗ ಆ ನೀರಿನ ಗುಳಿಗೆ. ಲ್ಯಾಸಿಕ್ಸ್ ನುಂಗಿದ ಒಂದು ತಾಸಿನೊಳಗೆ ಕೆಲಸ ಶುರುಮಾಡುತ್ತದೆ, ಸುಮಾರು ಆರು ತಾಸಿಗೆ ಪ್ರಭಾವ ಇಳಿಯುತ್ತದೆ. ಆದ್ದರಿಂದ ಬಿಡುವ ಬದಲು, ಪ್ರಯಾಣದ ದಿನ ಊರು ಮುಟ್ಟಿದ ಮೇಲೆ ತಗೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಬಹಳಷ್ಟು ಜನರಿಗೆ ನಾವು ಹೌದು ಎನ್ನುತ್ತೇವೆ. ಊರಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಿ. ಮಾತ್ರೆಗಳ ಚೀಲ ಡಿಕ್ಕಿಯಲ್ಲಿ ಬೇಡ, ಬಿಸಿಲಿಗೆ ಕೆಡುತ್ತವೆ, ಬೇಕಾದಾಗ ಕೈಗೂ ಸಿಗುವುದಿಲ್ಲ.

ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಕಾಲು ಬಾತಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ, ತೋರಿಸದೆ ಹೊರಡಬೇಡಿ. ದಾರಿಯಲ್ಲಿ ಎದೆನೋವು ಬಂದರೆ "ಬೆಳಗಾವಿಗೆ ಹೋಗಿ ನೋಡೋಣ" ಅನ್ನಬೇಡಿ. ಗಾಡಿ ಬದಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಅದೇ ನಂಬರ್.

ನಮ್ಮ ಅಜ್ಜ ಈ ದೀಪಾವಳಿಗೆ ಮತ್ತೆ ಹೋಗಿ ಬಂದರು. ಒಂಬತ್ತು ತಾಸು ಹಿಡಿಯಿತಂತೆ, ನಾಲ್ಕು ಕಡೆ ಇಳಿದರಂತೆ. ತೂಕ ಅರ್ಧ ಕಿಲೋ ಹೆಚ್ಚಿತ್ತು. ಅದು ನೀರಲ್ಲ, ಧಾರವಾಡ ಪೇಢೆ ಎಂದು ಅಜ್ಜಿ ನನ್ನೆದುರಿಗೇ ಚಾಡಿ ಹೇಳಿದರು.